ಹಿಂದಿನ ಸೀಟಿನ ಭಾರ

ಅತ್ತೆ ಸೊಸೆ ಇಬ್ಬರೂ ಒಂದೇ ಹೊಲಿಗೆ ಅಂಗಡಿ ನಡೆಸುತ್ತಿದ್ದರು. ಬೆಳಗ್ಗೆ ಸೊಸೆ ಬೈಕ್ ಓಡಿಸಿದರೆ, ಅತ್ತೆ ಬಟ್ಟೆಗಂಟನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತು, ಯಾರ ಪ್ಯಾಂಟು ಬಿಗಿ, ಯಾರ ತೋಳು ಗಿಡ್ಡ ಎಂದು ದಾರಿಯುದ್ದಕ್ಕೂ ಸೊಸೆಯ ಕಿವಿಯಲ್ಲಿ ಹೇಳುತ್ತಾ ಬರುವುದು ರೂಢಿ. ಅವರ ನಾಲಿಗೆಗೂ ಕತ್ತರಿಗೂ ಒಂದೇ ಹರಿತ. ಆದರೂ ಸೊಸೆಗೆ ದಿನದ ಮೊದಲ ನಗು ಆ ಸವಾರಿಯಲ್ಲೇ ಹುಟ್ಟುತ್ತಿತ್ತು.

ಇತ್ತೀಚೆಗೆ ಬೈಕ್ ಸೇತುವೆಯ ಏರಿನಲ್ಲಿ ಮುಗ್ಗರಿಸತೊಡಗಿತ್ತು. ಆಕ್ಸಿಲರೇಟರ್ ತಿರುಗಿಸಿದರೆ ಕೆಮ್ಮಿ ಕೆಮ್ಮಿ, ಜಗ್ಗಿ ಜಗ್ಗಿ ಹತ್ತುತ್ತಿತ್ತು. ಇದನ್ನು ಕಂಡ ಪಕ್ಕದ ಚಪ್ಪಲಿ ಅಂಗಡಿಯವನು, ಪಾಪ, ಇಷ್ಟು ಭಾರ ಗಾಡಿಯಾದರೂ ಹೇಗೆ ಎಳೆದೀತು ಎಂದು ನಕ್ಕ. ಅತ್ತೆ ತಿರುಗಿ ಒಂದು ಮಾತೂ ಆಡಲಿಲ್ಲ. ಸುಮ್ಮನಿರುವ ಜಾಯಮಾನವೇ ಅವರದಲ್ಲ, ಆದರೂ ಸೊಸೆ ಅದನ್ನು ಆಗ ಗಮನಿಸಲಿಲ್ಲ.

ಮರುದಿನದಿಂದ ಅತ್ತೆ ಬಸ್ಸು ಹಿಡಿದರು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಬಾಯಿತಪ್ಪಿ ಏನಾದರೂ ಅಂದುಬಿಟ್ಟೆನೇನೋ ಎಂದು ಸೊಸೆ ಒಳಗೊಳಗೇ ಕೊರಗಿದಳು. ಗಂಡನನ್ನು ಕೇಳಿದರೆ, ನಿಮ್ಮಿಬ್ಬರ ನಡುವೆ ಬಂದು ಅಡಕತ್ತರಿಗೆ ಸಿಕ್ಕ ಅಡಿಕೆಯಾಗಲಾರೆ ಎಂದು ಜಾರಿಕೊಂಡ. ಕೊನೆಗೊಂದು ಮಧ್ಯಾಹ್ನ ಅಂಗಡಿಯ ಪರದೆ ಸರಿಸಿದಾಗ ಗುಟ್ಟು ರಟ್ಟಾಯಿತು. ಅತ್ತೆ ಅಳತೆ ಟೇಪನ್ನು ತಮ್ಮ ಸೊಂಟಕ್ಕೇ ಸುತ್ತಿ, ಉಸಿರು ಬಿಗಿಹಿಡಿದು, ಅಂಕಿ ಓದಲು ಪರದಾಡುತ್ತಿದ್ದರು.

"ಇನ್ನೊಂದಿಂಚು ಇಳಿದ್ರೆ ಮತ್ತೆ ನಿನ್ನ ಹಿಂದೆ ಕೂರ್ತೀನಿ," ಎಂದರು, ಸಿಕ್ಕಿಬಿದ್ದ ಕಳ್ಳಿಯಂತೆ.

ಸೊಸೆಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಆಗಲೇ ಅಂಗಡಿ ಬಾಗಿಲೆಳೆದು, ಅತ್ತೆಯ ಕೈ ಹಿಡಿದು ಹಿಂದಿನ ಬೀದಿಯ ಗ್ಯಾರೇಜಿಗೆ ನಡೆದಳು. ಬೈಕನ್ನು ಬೆಳಗ್ಗೆಯೇ ರಿಪೇರಿಗೆಂದು ಅಲ್ಲಿ ಬಿಟ್ಟಿದ್ದಳು. ಅಲ್ಲಿನ ಮೆಕ್ಯಾನಿಕ್ ಇಂಜೆಕ್ಟರ್ ತೊಳೆಯುವುದರಲ್ಲೇ ಹೆಸರು ಮಾಡಿದವನು. ಸೊಸೆ ನಡೆದದ್ದನ್ನೆಲ್ಲ ಅವನಿಗೆ ಮೆಲ್ಲಗೆ ಹೇಳಿದಳು. ಅವನು ಬೈಕಿನಿಂದ ಬಿಚ್ಚಿಟ್ಟಿದ್ದ ಬೆರಳುದ್ದದ ಭಾಗವೊಂದನ್ನು ತೋರಿಸಿ, ಇಂಜಿನ್ನಿಗೆ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್ ಇದೇ ಎಂದು ವಿವರಿಸಿ, ಗಾಜಿನ ಕೊಳವೆಯಿದ್ದ ಯಂತ್ರಕ್ಕೆ ಸಿಕ್ಕಿಸಿದ. ಮಂಜಿನಂತೆ ಹರಡಬೇಕಾದದ್ದು ಸೊಟ್ಟ ದಾರದಂತೆ ಒಂದು ಪಕ್ಕಕ್ಕೆ ಇಳಿಯಿತು.

"ಮೂತೀಲಿ ಕಸ ಕಟ್ಟಿದೆ ಅಮ್ಮ. ಏರು ಹತ್ತೋವಾಗ ಜಾಸ್ತಿ ಪೆಟ್ರೋಲ್ ಬೇಕು. ಇದು ಕೊಡ್ತಿಲ್ಲ."

"ಜಾಸ್ತಿ ಯಾಕೆ ಬೇಕು? ಭಾರಕ್ಕೆ ತಾನೆ?" ಅತ್ತೆ ಬಿಡಲಿಲ್ಲ.

ಮೆಕ್ಯಾನಿಕ್ ಸೊಸೆಯ ಕಡೆ ನೋಡಿದ. ಸೊಸೆ ಕಣ್ಣಲ್ಲೇ ಬೇಡಿಕೊಂಡಳು. ಆದರೆ ಅವನಿಗೆ ಸುಳ್ಳು ಬರುತ್ತಿರಲಿಲ್ಲ.

"ಭಾರಕ್ಕೇ. ಆದ್ರೆ ಇಬ್ರನ್ನ ಎಳೀಲಿ ಅಂತಾನೇ ಎರಡು ಸೀಟು ಇಟ್ಟಿರೋದು. ನೀವು ಉಪವಾಸ ಕೂತ್ರೆ ಇದರ ಕಸ ಹೋಗುತ್ತಾ?"

ಅವನು ಇಂಜೆಕ್ಟರನ್ನು ದ್ರಾವಣದ ತೊಟ್ಟಿಗೆ ಇಳಿಸಿದ. ತೊಟ್ಟಿ ಜುಯ್ ಎಂದು ನಡುಗುತ್ತಾ ಒಳಗಿನ ಕೊಳೆಯನ್ನು ಬಿಡಿಸುತ್ತಿದ್ದಷ್ಟು ಹೊತ್ತೂ ಅತ್ತೆ ಕನ್ನಡಕ ಏರಿಸಿಕೊಂಡು ಅದರ ಮೇಲೇ ಬಗ್ಗಿದ್ದರು. ಮತ್ತೆ ಯಂತ್ರಕ್ಕೆ ಸಿಕ್ಕಿಸಿದಾಗ ಗಾಜಿನೊಳಗೆ ಸಣ್ಣ ಹನಿಗಳು ಲಂಗದ ಘೇರಿನಂತೆ ಸುತ್ತಲೂ ಅರಳಿದವು. ಕತ್ತರಿಸಿದರೆ ಹೀಗೆ ಕತ್ತರಿಸಬೇಕು ನೋಡು ಎಂದು ಅತ್ತೆ ಸೊಸೆಯನ್ನು ತಿವಿದರು.

ಆದರೂ ಅನುಮಾನ ಪೂರ್ತಿ ಹೋಗಿರಲಿಲ್ಲ. ಇಂಜೆಕ್ಟರ್ ಜೋಡಿಸಿದ ಮೇಲೆ ಅವರು ಅಂಗಡಿಗೆ ಹೋಗಿ, ಇದ್ದುದರಲ್ಲೇ ದಪ್ಪನೆಯ ಕೋಟುಗಳ ಗಂಟೊಂದನ್ನು ಹೊತ್ತು ತಂದರು. ಪರೀಕ್ಷೆ ಎಂದರೆ ಪರೀಕ್ಷೆ ಎನ್ನುತ್ತಾ ಹಿಂದಿನ ಸೀಟಿನಲ್ಲಿ ಕೂತು ಸೊಸೆಯ ಭುಜ ಹಿಡಿದರು.

ಏರು ಶುರುವಾಯಿತು. ಸೊಸೆ ಆಕ್ಸಿಲರೇಟರ್ ತಿರುಗಿಸಿದಳು. ಬೈಕ್ ಒಮ್ಮೆಯೂ ಕೆಮ್ಮದೆ ಬೆಣ್ಣೆಯಿಂದ ಕೂದಲೆಳೆದಂತೆ ಮೇಲೇರಿತು. ಸೇತುವೆಯ ನೆತ್ತಿಯಲ್ಲಿ ಗಾಳಿ ಬೀಸಿ ಕೋಟೊಂದರ ತೋಳು ಗಂಟಿನಿಂದ ಹೊರಬಂದು ಪಟಪಟ ಬಡಿಯಿತು. ಭುಜದ ಮೇಲಿನ ಹಿಡಿತ ಸಡಿಲವಾಯಿತು.

"ಇನ್ನೊಂದ್ಸಲ," ಎಂದರು ಅತ್ತೆ.

ಅಂಗಡಿಯ ಮುಂದೆ ಗಿರಾಕಿ ಕಾಯುತ್ತಿರಬಹುದು ಎಂಬುದು ಸೊಸೆಗೆ ಗೊತ್ತಿತ್ತು. ಆದರೂ ಸೇತುವೆ ಇಳಿದು, ಬೈಕ್ ತಿರುಗಿಸಿದಳು.