ಅತ್ತೆಯ ಗಿಟಾರಿನ ಹೊಸ ದನಿ

ಮಾತಾಡುತ್ತಿರುವವರ ಮುಖದಿಂದ ಕನ್ನಡಕ ಕಿತ್ತುಕೊಂಡು, ಒರೆಸಿ, ಮತ್ತೆ ಅವರ ಮೂಗಿನ ಮೇಲೆ ಕೂರಿಸಿ, ಏನೂ ಆಗಿಲ್ಲವೆಂಬಂತೆ ‘ಹೂಂ, ಆಮೇಲೆ?’ ಎನ್ನುವ ಅಭ್ಯಾಸ ನಮ್ಮ ಸೋದರತ್ತೆಗೆ. ಎದುರಿಗಿರುವವರು ಬೀಗರಾಗಲಿ, ಬ್ಯಾಂಕಿನ ಮ್ಯಾನೇಜರಾಗಲಿ, ಗಾಜಿನ ಮೇಲೊಂದು ಬೆರಳಿನ ಗುರುತು ಕಂಡರೆ ಸಾಕು, ಅತ್ತೆಯ ಕೈ ಸುಮ್ಮನಿರದು. ಒಮ್ಮೆ ಜಗಳಕ್ಕೆಂದೇ ಬಾಗಿಲು ಬಡಿದು ಬಂದ ಪಕ್ಕದ ಮನೆಯವರ ಕನ್ನಡಕವನ್ನೂ ಹೀಗೇ ಒರೆಸಿಕೊಟ್ಟರು. ಎಲ್ಲವೂ ಇದ್ದಕ್ಕಿದ್ದಂತೆ ಇಷ್ಟು ಸ್ವಚ್ಛವಾಗಿ ಕಾಣತೊಡಗಿದ ಮೇಲೆ ಆ ಮನುಷ್ಯರಿಗೆ ಜಗಳದ ಎಳೆಯೇ ತಪ್ಪಿಹೋಗಿ, ‘ಸರಿ ಹಾಗಾದ್ರೆ, ಬರ್ತೀನಿ’ ಎಂದು ಹೊರಟುಹೋದರು.

ಅತ್ತೆ ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಬಂದವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಅವರ ಮೂಗಿನ ಮೇಲೆ ಕಣ್ಣು ಪರೀಕ್ಷಿಸುವ ಭಾರವಾದ ಚೌಕಟ್ಟೊಂದನ್ನು ಏರಿಸಿ, ಅದರೊಳಗೆ ಒಂದಾದ ಮೇಲೊಂದು ಗಾಜು ಬದಲಾಯಿಸುತ್ತ, ‘ಇದಾ, ಅದಾ? ನಿಧಾನವಾಗಿ ಹೇಳಿ’ ಎಂದು ಕೇಳುವುದು ಅವರ ದಿನದ ದುಡಿಮೆ. ಆ ಪ್ರಶ್ನೆ ನಾಲಿಗೆಗೆ ಎಷ್ಟು ಅಂಟಿಕೊಂಡಿದೆಯೆಂದರೆ, ಮನೆಯಲ್ಲಿ ತರಕಾರಿ ಹೆಚ್ಚುವಾಗಲೂ ‘ಇದಾ, ಅದಾ?’, ನನಗೆ ರವಿಕೆ ಬಟ್ಟೆ ಆರಿಸುವಾಗಲೂ ‘ಇದಾ, ಅದಾ? ನಿಧಾನವಾಗಿ ಹೇಳು.’ ಆದರೆ ಬಾಯಿಂದ ಬರುವ ಉತ್ತರವನ್ನು ಅವರು ಅರ್ಧ ಮಾತ್ರ ನಂಬುತ್ತಾರೆ. ಜನ ಸುಳ್ಳು ಹೇಳುತ್ತಾರಂತೆ. ಎರಡು ಗಾಜಿನ ನಡುವೆ ವ್ಯತ್ಯಾಸವೇ ಕಾಣದವರು, ಕಾಣದೆಂದು ಒಪ್ಪಿಕೊಳ್ಳಲು ನಾಚಿ, ‘ಎರಡನೆಯದು’ ಎಂದು ಥಟ್ಟನೆ ಹೇಳಿಬಿಡುತ್ತಾರೆ. ನಿಜವಾಗಿ ಕಂಡವರು ತಡೆದು ಹೇಳುತ್ತಾರೆ. ‘ಬೇಗ ಬಂದ ಉತ್ತರ ಕಣ್ಣಿಂದ ಬಂದಿರಲ್ಲ ಕಣೇ, ಮಾನದಿಂದ ಬಂದಿರತ್ತೆ’ ಎಂದು ನನಗೊಮ್ಮೆ ಹೇಳಿದ್ದರು.

ಅಂಗಡಿಯಲ್ಲಿ ತೊಡುವ ಬೂದುಬಣ್ಣದ ಕೋಟನ್ನೇ ಶನಿವಾರದ ಸಂಜೆ ಹೋಟೆಲಿನ ಊಟದ ಹಾಲ್‌ಗೂ ತೊಟ್ಟು ಹೋಗುತ್ತಾರೆ. ಒಂದು ಜೇಬಿನಲ್ಲಿ ಗಾಜು ಒರೆಸುವ ಮೆತ್ತನೆಯ ಬಟ್ಟೆ, ಇನ್ನೊಂದರಲ್ಲಿ ಗಿಟಾರು ಮೀಟುವ ಪ್ಲಾಸ್ಟಿಕ್ಕಿನ ಚೂರುಗಳು. ಹಾಲ್‌ನ ಮೂಲೆಯ ಗಿಡ್ಡ ವೇದಿಕೆಯ ಮೇಲೆ ಅತ್ತೆಯ ಎಲೆಕ್ಟ್ರಿಕ್ ಗಿಟಾರು, ನಮ್ಮ ಮಾವನ ಡ್ರಮ್ಮು, ನಿವೃತ್ತ ಗಣಿತದ ಮೇಷ್ಟ್ರ ಕೀಬೋರ್ಡು. ಮದುವೆಗೆ ಮುಂಚಿನಿಂದ ಹೆಗಲಿಗೇರಿದ ಆ ಗಿಟಾರಿನ ಭಾರಕ್ಕೆ ಅತ್ತೆಯ ಎಡಭುಜ ಕೊಂಚ ಇಳಿದಿದೆ. ಬರಿಗೈಯಲ್ಲಿ ರಸ್ತೆಯಲ್ಲಿ ನಡೆದು ಬರುವಾಗಲೂ, ಕಾಣದ ಕೊಡವೊಂದನ್ನು ಹೊತ್ತವರಂತೆ, ಒಂದು ಪಕ್ಕಕ್ಕೆ ವಾಲಿಯೇ ಬರುತ್ತಾರೆ. ಅವರ ನುಡಿಸಾಣಿಕೆಯಲ್ಲಿ ಬೆರಳಿನ ಓಟವಿಲ್ಲ, ಚಮತ್ಕಾರವಿಲ್ಲ. ಒಂದು ಸ್ವರವನ್ನು ಮೀಟಿ, ಅದು ತಾನಾಗಿ ಆರುವವರೆಗೆ ಕಾದು, ಆಮೇಲೆ ಇನ್ನೊಂದಕ್ಕೆ ಹೋಗುವ ಆ ಸಾವಧಾನಕ್ಕೆ, ಬಾಯಿಗೆ ಒಯ್ಯುತ್ತಿದ್ದ ಚಮಚವನ್ನು ಹಾಗೇ ಹಿಡಿದು ಕೂತವರನ್ನು ನಾನು ನೋಡಿದ್ದೇನೆ.

ಹೀಗಿರುವಾಗ ಗಿಟಾರಿನ ಪಿಕಪ್ ಕೆಟ್ಟಿತು. ತಂತಿಗಳ ಕೆಳಗೆ, ಮರದಲ್ಲಿ ಹುದುಗಿ ಕೂತ ಪುಟ್ಟ ಪಟ್ಟಿ ಅದು. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲಿನ ತಂತಿಯ ಕಂಪನವನ್ನು ಹಿಡಿದು ಸ್ಪೀಕರಿಗೆ ತಲುಪಿಸುವುದು ಅದರ ಕೆಲಸ. ಗಿಟಾರಿನ ದನಿ ಹರಿತವೋ ಮೃದುವೋ ಎಂಬುದು ಬಹುಪಾಲು ಅದರ ಕೈಯಲ್ಲಿದೆ. ಅತ್ತೆಯದು ನುಡಿಸುವಾಗ ನಡುನಡುವೆ ಸಿಳ್ಳೆ ಹಾಕತೊಡಗಿತು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ವಾದ್ಯ ರಿಪೇರಿ ಮಾಡುವವನನ್ನು ಎಲ್ಲರೂ ತಂತಿರಾಯ ಎನ್ನುತ್ತಾರೆ. ಅವನು ಬಿಚ್ಚಿ ನೋಡಿ ಹೇಳಿದ: ‘ಒಳಗಿನ ಸುತ್ತು ಸಡಿಲ ಆಗಿದೆ ಅಕ್ಕ. ಇನ್ಮೇಲೆ ಇದು ನೀವು ನುಡಿಸಿದ್ದನ್ನ ಹೇಳಲ್ಲ, ತನಗೆ ತೋಚಿದ್ದನ್ನ ಹೇಳತ್ತೆ.’

‘ನಮ್ಮ ಮನೆಯವರ ಥರ ಅನ್ನು’ ಎಂದರು ಅತ್ತೆ. ‘ಹೋಗಲಿ ಬಿಡು, ಬದಲಾಯಿಸು. ವರ್ಷದಿಂದ ಮಂಕಾಗಿತ್ತು ಅದು. ನಾನೂ ಸ್ಪೀಕರಿನ ತಿರುಗಣೆ ತಿರುಗಿಸಿ ತಿರುಗಿಸಿ ಸಾಕಾಗಿದೀನಿ. ಚೂಪಾಗಿರೋದು ಹಾಕು, ಗಾಜಿನ ಥರ ಇರಬೇಕು.’

ಜೊತೆಗೆ ಬಂದಿದ್ದ ಮಾವ ಕೆಮ್ಮಿದರು. ಮೇಷ್ಟ್ರು ಕಿಟಕಿಯಾಚೆ ನೋಡಿದರು. ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ, ಅತ್ತೆಗೂ ಹೊಳೆಯಲಿಲ್ಲ.

ಮರುವಾರ ಭಾನುವಾರ ಮಧ್ಯಾಹ್ನ ಎಲ್ಲರೂ ತಂತಿರಾಯನ ಅಂಗಡಿಯಲ್ಲಿ ಸೇರಿದೆವು. ಅಂಗಡಿಯೆಂದರೆ ಉದ್ದನೆಯ ಒಂದೇ ಕೋಣೆ. ಗೋಡೆಯ ತುಂಬ ತಲೆಕೆಳಗಾಗಿ ನೇತುಬಿದ್ದ ವಾದ್ಯಗಳು. ಬೆಸುಗೆಯ ಹೊಗೆ, ಅರಗಿನ ವಾಸನೆ. ಪಿಕಪ್ ಆರಿಸುವವರಿಗಾಗಿ ಅವನೊಂದು ಬಣ್ಣವಿಲ್ಲದ ಗಿಟಾರು ಮಾಡಿಟ್ಟಿದ್ದಾನೆ. ಅದರ ಬೆನ್ನಿನಲ್ಲಿ ಮೇಜಿನ ಖಾನೆಯಂಥ ಕಿಂಡಿ. ತಂತಿ ಬಿಚ್ಚದೆಯೇ ಒಂದು ಪಿಕಪ್ಪನ್ನು ಎಳೆದು ಇನ್ನೊಂದನ್ನು ತಳ್ಳಿದರಾಯಿತು. ಕಿವಿ ಮೊದಲಿನದನ್ನು ಮರೆಯುವ ಮುನ್ನ ಎರಡನೆಯದು ಕೇಳಿಬಿಡುತ್ತದೆ. ಕೆನೆಬಣ್ಣದ್ದು, ಕಪ್ಪು, ಬಿಳಿ ಎಂದು ಮೂರನ್ನು, ಮೃದುವಿನಿಂದ ಚೂಪಿನ ಕಡೆಗೆ, ಸಾಲಾಗಿ ಇಟ್ಟಿದ್ದ.

ಅತ್ತೆ ಗಿಟಾರನ್ನು ತೊಡೆಗೇರಿಸಿ, ತಮ್ಮ ವಾಡಿಕೆಯಂತೆ ಅದರ ಮೈಯಿಂದ ಚಾಚಿದ ಮರದ ಕೊಂಬಿಗೆ ದವಡೆ ಒತ್ತಿ ಕೂತರು. ಪ್ರತಿಸಲವೂ ಅದೇ ನಿಧಾನದ ಸಾಲು ನುಡಿಸುವುದೆಂದು ಗೊತ್ತಾಯಿತು. ಕೆನೆಬಣ್ಣದ್ದನ್ನು ಸಾಲು ಮುಗಿಯುವ ಮುನ್ನವೇ ತಳ್ಳಿಹಾಕಿದರು. ‘ಬೇಡಪ್ಪಾ. ಕಂಬಳಿ ಹೊದ್ದು ಮಾತಾಡಿದ ಹಾಗಿದೆ.’

ಉಳಿದದ್ದು ಕಪ್ಪು, ಬಿಳಿ. ಒಂದನ್ನು ನುಡಿಸಿದರು, ಇನ್ನೊಂದನ್ನು ನುಡಿಸಿದರು. ತಂತಿರಾಯ ಕೈಕಟ್ಟಿ, ಅತ್ತೆಯದೇ ಗತ್ತಿನಲ್ಲಿ ಕೇಳಿದ: ‘ಇದಾ, ಅದಾ? ನಿಧಾನವಾಗಿ ಹೇಳಿ ಅಕ್ಕ.’

ಮಾವ ಗಹಗಹಿಸಿ ನಕ್ಕರು. ‘ಅಂತೂ ಇವಳನ್ನೂ ಆ ಕುರ್ಚೀಲಿ ಕೂರಿಸಿದೆಯಲ್ಲೋ, ನಿನ್ನ ಹೊಟ್ಟೆ ತಣ್ಣಗಿರಲಿ!’

‘ಎರಡನೆಯದು’ ಎಂದರು ಅತ್ತೆ ಥಟ್ಟನೆ.

ಎಂದವರು ಅಲ್ಲೇ ತಡೆದರು. ನಗು ಇನ್ನೂ ಕೋಣೆಯಲ್ಲಿತ್ತು, ಅವರ ಮುಖದಲ್ಲಿರಲಿಲ್ಲ. ತಂತಿಗಳನ್ನು ಅಂಗೈಯಿಂದ ಅದುಮಿ ಹಿಡಿದು, ‘ಇನ್ನೊಂದ್ಸಲ ಹಾಕು. ಯಾವುದು ಅಂತ ಹೇಳಬೇಡ’ ಎಂದರು. ಅವನು ಕೈಮರೆಯಲ್ಲಿ ಬದಲಾಯಿಸಿದ. ಅತ್ತೆ ನುಡಿಸಿದರು. ಈ ಸಲ ದವಡೆಯನ್ನು ಕೊಂಬಿನಿಂದ ಎತ್ತಿದ್ದರು, ಕಣ್ಣು ನಮ್ಮೆಲ್ಲರ ಮೇಲಿತ್ತು. ಮತ್ತೆ ಬದಲಾಯಿಸಿದ; ಮತ್ತೆ ನುಡಿಸಿದರು. ಮೊದಲ ಸಲ ಮಾವ ಸುಮ್ಮನೆ ಕೂತಿದ್ದರು. ಎರಡನೆಯ ಸಲ ಸಾಲಿನ ತುದಿಯ ಎತ್ತರದ ಸ್ವರ ಬರುತ್ತಿದ್ದಂತೆ ಮಾವನ ಎಡಗಣ್ಣು ತಾನಾಗಿ ಕಿರಿದಾಯಿತು. ನಿಂಬೆಹಣ್ಣು ಕಚ್ಚಿದವರ ಕಣ್ಣು ಕಿರಿದಾಗುವಂತೆ. ಮೇಷ್ಟ್ರ ಕೈ ಕಿವಿಯತ್ತ ಹೊರಟು, ದಾರಿಯಲ್ಲೇ ನೆನಪಾಗಿ, ಕೂದಲು ಸವರಿಕೊಂಡು ವಾಪಸಾಯಿತು.

ಇಷ್ಟು ವರ್ಷ ಮುಖಗಳನ್ನು ಓದಿ ಅನ್ನ ತಿಂದವರಿಗೆ ಇನ್ನೇನು ಬೇಕು? ಅವರ ಕಿವಿಗೆ ಒಂದೇ ಆಗಿದ್ದ ಎರಡು ದನಿಗಳು, ಬೇರೆಯವರ ಮುಖದ ಮೇಲೆ ಎರಡಾಗಿ ಬಿದ್ದಿದ್ದವು.

‘ಈಗ ಬಂದದ್ದು ಬಿಳಿ’ ಎಂದರು ಅತ್ತೆ, ತಂತಿರಾಯನ ಕಡೆ ನೋಡದೆ. ‘ಅಲ್ವಾ?’

‘ಹೌದಕ್ಕ.’

‘ನನಗೆ ಕೇಳಿಸಿ ಹೇಳಿದ್ದಲ್ಲ ಅದು.’ ಆಮೇಲೆ ಮಾವನ ಕಡೆ ತಿರುಗಿದರು. ‘ನನ್ನ ಕಿವಿ ಹೀಗಾಗಿ ಎಷ್ಟು ದಿನ ಆಯ್ತು ರೀ?’

ಮಾವ ತೊಡೆಯ ಮೇಲಿನ ಇಲ್ಲದ ಧೂಳು ಕೊಡವಿದರು. ಕೊನೆಗೆ ಮೇಷ್ಟ್ರೇ ಬಾಯಿಬಿಟ್ಟರು. ಅತ್ತೆ ಮಂಕೆಂದು ತಿರುಗಣೆ ತಿರುಗಿಸಿದಂತೆಲ್ಲ ದನಿ ಕಿವಿ ಕೊರೆಯುತ್ತಿತ್ತು. ಮೇಷ್ಟ್ರು ಬೆನ್ನುನೋವಿನ ನೆಪ ಹೇಳಿ ಕುರ್ಚಿಯನ್ನು ಹಿಂದೆ ಸರಿಸಿಕೊಂಡಿದ್ದರು. ಮಾವ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದರು. ವೇದಿಕೆಗೆ ಹತ್ತಿರದ ಮೇಜುಗಳಲ್ಲಿ ಜನ ಕೂರುವುದನ್ನು ಬಿಟ್ಟಿದ್ದರು. ಈ ತಿಂಗಳು ನೋಡಿ ಆಮೇಲೆ ಗಿಟಾರು ಬೇಡವೆನ್ನುವುದಾಗಿ ಹೋಟೆಲಿನ ಮ್ಯಾನೇಜರು ಮಾವನ ಕಿವಿಯಲ್ಲಿ ಹೇಳಿಯೂ ಆಗಿತ್ತು.

‘ಮತ್ತೆ ಒಬ್ಬರಾದ್ರೂ ಹೇಳಬಾರದಿತ್ತಾ?’

‘ಬೆಕ್ಕಿಗೆ ಗಂಟೆ ಕಟ್ಟೋರು ಯಾರು?’ ಎಂದರು ಮಾವ. ತಮಾಷೆಗೆಂದು ಎತ್ತಿದ ಮಾತನ್ನು ಅವರೇ ಕೆಳಗಿಟ್ಟರು. ‘ಹೇಳಿದ್ರೆ ನೀನು ನುಡಿಸೋದನ್ನೇ ಬಿಟ್ಟುಬಿಡ್ತೀಯ ಅಂತ ಭಯ ಆಯ್ತು.’

ಆ ಭಯ ಸುಳ್ಳಲ್ಲ. ಅತ್ತೆ ಗಿಟಾರನ್ನು ತೊಡೆಯಿಂದ ಇಳಿಸಿ ಗೋಡೆಗೆ ಒರಗಿಸಿದಾಗ, ಇದು ಇಲ್ಲಿಗೆ ಮುಗಿಯಿತು ಎಂದೇ ನಾವೆಲ್ಲ ಅಂದುಕೊಂಡೆವು. ಅವರು ಕೋಟಿನಿಂದ ಬಟ್ಟೆ ತೆಗೆದು ತಮ್ಮದೇ ಕನ್ನಡಕವನ್ನು ಬಹಳ ಹೊತ್ತು ಒರೆಸಿದರು. ಹಾಕಿಕೊಂಡು ಎದ್ದು ನಿಂತಾಗ ಕನ್ನಡಕದ ಅಂಗಡಿಯ ಅತ್ತೆಯಾಗಿದ್ದರು.

‘ಏಳಿ. ಎಲ್ಲರೂ ಗೋಡೆ ಕಡೆ ಮುಖ ಮಾಡಿ ನಿಂತ್ಕೊಳ್ಳಿ. ನನ್ನ ಮುಖ ನೋಡ್ಕೊಂಡು ಉತ್ತರ ಹೇಳೋದು ಸಾಕು.’

‘ನಾನೂನಾ ತಾಯಿ?’ ಎಂದರು ಮೇಷ್ಟ್ರು.

‘ನೀವೇ ಮೊದಲು. ಬೆನ್ನುನೋವು ಅಂದ್ರಲ್ಲ, ನಿಂತ್ರೆ ಒಳ್ಳೇದು.’

ಹೀಗೆ ಗಂಡ, ಗೆಳೆಯ, ಸೋದರಸೊಸೆ ಮೂವರೂ ತಪ್ಪು ಮಾಡಿದ ಶಾಲೆಮಕ್ಕಳಂತೆ ಗೋಡೆಗೆ ಮುಖ ಮಾಡಿ ನಿಂತೆವು. ತಂತಿರಾಯ ಖಾನೆ ಎಳೆದ, ತಳ್ಳಿದ, ಅತ್ತೆ ನುಡಿಸಿದರು, ಪ್ರತಿಸಲವೂ ‘ಇದಾ, ಅದಾ?’ ಮಾವ ಬೇಗ ಉತ್ತರಿಸಿದಾಗಲೆಲ್ಲ ‘ಅದು ಲೆಕ್ಕಕ್ಕಿಲ್ಲ, ತಿರುಗಿ ಕೇಳಿ’ ಎಂದು ಗದರಿದರು. ಅತ್ತೆ ತಳ್ಳಿಹಾಕಿದ್ದ ಕೆನೆಬಣ್ಣದ್ದೂ ಸರದಿಯಲ್ಲಿ ಬಂದಿತ್ತು. ಬಂದಾಗ ಯಾರೂ ಉತ್ತರ ಹೇಳಲಿಲ್ಲ. ಹೇಳುವುದನ್ನು ಮರೆತು ಕೇಳುತ್ತಿದ್ದೆವು.

‘ಏನಾಯ್ತು? ನಿದ್ದೆ ಬಂತಾ?’

ಮಾವ ಗೋಡೆಗೇ ಹೇಳಿದರು: ‘ಇದು. ನೀನು ಮೊದಲು ನುಡಿಸ್ತಿದ್ದೆಯಲ್ಲ, ಹಾಗಿದೆ.’

ತಂತಿರಾಯ ಪಾಪ, ಸಂಧಾನಕ್ಕೆ ಬಂದ. ನಡುವಿನದಾದ ಕಪ್ಪು ಹಾಕೋಣ, ಅಕ್ಕನಿಗೂ ಸ್ವಲ್ಪ, ಕೇಳುವವರಿಗೂ ಸ್ವಲ್ಪ ಎಂದ. ಅತ್ತೆ ಒಪ್ಪಲಿಲ್ಲ. ಇಬ್ಬರಿಗೂ ಆಗಲೆಂದು ನಡುವಿನ ಪವರಿನ ಒಂದೇ ಕನ್ನಡಕ ಕೊಟ್ಟರೆ ಇಬ್ಬರೂ ಎಡವುತ್ತಾರಂತೆ. ಅತ್ತೆಯ ಗಿಟಾರಿನಲ್ಲಿ ಕೆನೆಬಣ್ಣದ್ದೇ ಕೂತಿತು. ಅದರ ಜೊತೆಗೆ ಅತ್ತೆ ಇನ್ನೊಂದು ಕೆಲಸ ಹೇಳಿದರು: ಗಿಟಾರಿನ ಮೇಲಿರುವ, ದನಿಯನ್ನು ಚೂಪು ಮಾಡುವ ತಿರುಗಣೆಯನ್ನು ಕಿತ್ತು, ಆ ತೂತಿಗೆ ಬೆಣೆ ಹೊಡೆಯಬೇಕು, ಸ್ಪೀಕರಿನದು ಮೇಷ್ಟ್ರ ಸುಪರ್ದಿಗೆ. ‘ಕಿವಿ ಹೋಗಿದೆ ಅಂತ ತಲೆಗೆ ಗೊತ್ತಾಯ್ತು. ಕೈಗೆ ಇನ್ನೂ ಗೊತ್ತಾಗಿಲ್ಲ. ಅದು ಸುಮ್ಮನಿರಲ್ಲ.’

ಕಿವಿಯ ಡಾಕ್ಟರನ್ನೂ ಕಂಡರು. ಎತ್ತರದ ಸ್ವರಗಳು ಮರಳುವುದಿಲ್ಲವೆಂದು ಅವರು ಹೇಳಿದರು. ಮಾತು ಕೇಳಲು ಒಂದು ಯಂತ್ರ ಕೊಟ್ಟರು. ಅತ್ತೆ ಅದನ್ನು ಸಂಕೋಚವಿಲ್ಲದೆ ತೊಡುತ್ತಾರೆ. ಆದರೆ ಅದರಲ್ಲಿ ಗಿಟಾರು ತಗಡು ಬಡಿದಂತೆ ಕೇಳುವುದರಿಂದ, ವೇದಿಕೆ ಹತ್ತುವ ಮುನ್ನ ತೆಗೆದು ಜೇಬಿಗಿಡುತ್ತಾರೆ.

ಮೊದಮೊದಲ ಶನಿವಾರಗಳು ಸುಲಭವಿರಲಿಲ್ಲ. ಕೇಳದ ತುದಿಯನ್ನು ಹುಡುಕಿ ಅವರ ಬಲಗೈ ತಾನಾಗಿ ಜೋರಾಗುತ್ತಿತ್ತು. ಮಾವ ಡ್ರಮ್ಮಿನ ಹಿಂದಿನಿಂದ ತಲೆಯಾಡಿಸುತ್ತಿದ್ದರು. ಅತ್ತೆ ಹಲ್ಲು ಕಚ್ಚಿ ಕೈಯನ್ನು ಹಗುರ ಮಾಡುತ್ತಿದ್ದರು. ಮನೆಯಲ್ಲಿ ಸ್ಪೀಕರಿಲ್ಲದೆ, ಬರಿಯ ಬೆರಳಿನ ಒತ್ತಡವನ್ನೇ ನೆನಪಿಟ್ಟುಕೊಳ್ಳಲು, ಒಂದೇ ಸಾಲನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿದರು. ತಿಂಗಳು ತುಂಬಿತು, ಮ್ಯಾನೇಜರು ತಮ್ಮ ಮಾತನ್ನು ಮತ್ತೆ ಎತ್ತಲಿಲ್ಲ. ಒಂದು ಸಂಜೆ ಆ ನಿಧಾನದ ಸಾಲಿನ ಕೊನೆಯ ಸ್ವರವನ್ನು ಅತ್ತೆ ಮೀಟಿದಾಗ ಚಮಚಗಳು ಮತ್ತೆ ಬಾಯಿಯ ಬಳಿಯೇ ನಿಂತವು. ಸ್ವರ ನಮ್ಮ ತಲೆಯ ಮೇಲೆ ತೇಲುತ್ತಿತ್ತು. ಅತ್ತೆಯ ಕಿವಿಯಲ್ಲಿ ಅದು ಆಗಲೇ ಆರಿಹೋಗಿತ್ತೆಂದು ಗೊತ್ತಿದ್ದದ್ದು ನಮಗೆ ಮೂರು ನಾಲ್ಕು ಜನಕ್ಕೆ ಮಾತ್ರ. ಆದರೂ ಅವರು ಮುಂದಿನ ಸಾಲಿಗೆ ಅವಸರಿಸಲಿಲ್ಲ. ತಮಗೆ ಮೌನವಾಗಿದ್ದ ಅಷ್ಟು ಹೊತ್ತೂ ನಮಗಾಗಿ ಕಾದರು.

ತಮ್ಮ ಕಣ್ಣು, ತಮ್ಮ ಕಿವಿಯನ್ನೇ ನಂಬಿ ನಡೆದವರನ್ನು ಲೋಕ ಕಲಾವಿದರೆಂದು ಕೊಂಡಾಡುತ್ತದೆ, ಕೊಂಡಾಡಲಿ. ಇನ್ನೊಂದು ಬಗೆಯವರೂ ಇದ್ದಾರೆ. ಸಕ್ಕರೆ ಬಿಟ್ಟ ಮೇಲೂ ಮನೆಮಂದಿಗಾಗಿ ಪಾಕದ ಹದ ತಪ್ಪಿಸದವರು, ಮೂಗು ಸತ್ತ ಮೇಲೂ ದಾರಿಹೋಕರಿಗಾಗಿ ಬೇಲಿಗೆ ಮಲ್ಲಿಗೆ ಹಬ್ಬಿಸುವವರು. ತಮಗೆ ದಕ್ಕದ ಸುಖವನ್ನು ಕೊಂಚವೂ ಕಡಿಮೆ ಅಳೆಯದೆ ಇತರರಿಗೆ ಬಡಿಸಬಲ್ಲ ಇಂಥವರು ನಮ್ಮ ನಡುವೆ ಸದ್ದಿಲ್ಲದೆ ಓಡಾಡಿಕೊಂಡಿರುತ್ತಾರೆ. ಅವರಿಗೆ ಏನು ಉಳಿಯುತ್ತದೆ ಎಂದು ಕೇಳಬೇಕೆನಿಸುತ್ತದೆ. ಕೇಳುವಷ್ಟರಲ್ಲಿ ಅವರು ಇನ್ನೊಮ್ಮೆ ಬಡಿಸಲು ಎದ್ದಿರುತ್ತಾರೆ.