ಡಬ್ಬಿಯೊಳಗಿನ ಗೆಣಸು

ಬಾಲಪ್ಪನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಂದಿನಿಂದ ಅವನ ಹೆಂಡತಿ ರೇಣುಕವ್ವ ಮನೆಯೊಳಗಿನ ಪೊಲೀಸಾಗಿದ್ದಳು. ಬೆಲ್ಲದ ಡಬ್ಬಿ ಅಟ್ಟ ಹತ್ತಿತ್ತು. ಊರಿಂದ ಬಂದ ಕರದಂಟು ಪಕ್ಕದ ಮನೆ ಸೇರಿತ್ತು. ಅವಳ ಅಪ್ಪ ಇದೇ ಕಾಯಿಲೆಯಲ್ಲಿ ಕಾಲು ಕಳೆದುಕೊಂಡು ಸತ್ತವನು. ಗಂಡನಿಗೆ ಹಾಗಾಗಬಾರದು, ಅಷ್ಟೇ. ಆ ಭಯ ಒಮ್ಮೆ ಹೊಕ್ಕಿತೆಂದರೆ ಬ್ರಹ್ಮನೇ ಬಂದು ಬುದ್ಧಿ ಹೇಳಿದರೂ ಕಿವಿಗೆ ಇಳಿಯುವುದಿಲ್ಲ.

ಗದಗದ ಕಡೆಯಿಂದ ಮಣಿಪಾಲಕ್ಕೆ ಗೌಂಡಿ ಕೆಲಸಕ್ಕೆ ಬಂದರೂ ಬಾಲಪ್ಪ ಶಿವರಾತ್ರಿಯ ಉಪವಾಸ ಬಿಟ್ಟವನಲ್ಲ. ಆಸ್ಪತ್ರೆಯ ನರ್ಸ್ ಐರಿನ್ ಚೆನ್ನಾಗಿ ಬೈದು, ಕೊನೆಗೆ ಒಂದು ದಾರಿ ತೋರಿಸಿದ್ದಳು.

"ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಇರಲಿಕ್ಕೆ ಇಲ್ಲ. ಅನ್ನದ ಬದಲಿಗೆ ಬೇಯಿಸಿದ ಗೆಣಸು ತಿನ್ನಿ, ಸಿಪ್ಪೆ ಸಮೇತ. ಹಿತಮಿತವಾಗಿ ತಿಂದರೆ ತೊಂದರೆ ಇಲ್ಲ. ಮತ್ತೆ, ಬೆವರು, ನಡುಕ ಬಂದರೆ ತಡ ಮಾಡಬೇಡಿ, ಕೂಡಲೇ ಸಕ್ಕರೆ ಕೊಡಿ."

ಸಕ್ಕರೆ ಕಾಯಿಲೆಯವನಿಗೆ ಸಕ್ಕರೆ! ರೇಣುಕವ್ವ ಕೇಳಿಯೂ ಕೇಳದವಳಂತೆ ಎದ್ದು ಬಂದಿದ್ದಳು.

ಹಬ್ಬದ ಬೆಳಿಗ್ಗೆ ಬಾಲಪ್ಪನೇ ಗೆಣಸು ತೊಳೆದು ಒಲೆಗಿಟ್ಟ. ಬೆಂದ ಮೇಲೆ ರೇಣುಕವ್ವ ಒಂದು ಚೂರನ್ನು ನಾಲಗೆಗೆ ಮುಟ್ಟಿಸಿ ಉಗಿದಳು, ಅವಳದು ನೀರೂ ಮುಟ್ಟದ ಉಪವಾಸ. ಬೆಲ್ಲದಷ್ಟು ಸಿಹಿ. ನರ್ಸ್ ಏನಾದರೂ ಹೇಳಲಿ, ನಾಲಗೆ ಸುಳ್ಳು ಹೇಳುತ್ತದೆಯೇ? ಗಂಡ ಸ್ನಾನಕ್ಕೆ ಹೋದದ್ದೇ ತಡ, ಬೆರಳು ದಪ್ಪದ ಒಂದನ್ನು ಅವನ ಡಬ್ಬಿಯಲ್ಲಿ ಬಿಟ್ಟು, ಉಳಿದದ್ದನ್ನೆಲ್ಲ ಮನೆಯೊಡತಿ ಪುಷ್ಪಾವತಿಯ ದನದ ಮುಂದೆ ಸುರಿದು ಬಂದಳು. ಬದುಕಿದೆಯಾ ಬಡಜೀವವೇ ಎಂದು ನಿಟ್ಟುಸಿರು ಬಿಟ್ಟಳು. ಬಾಲಪ್ಪ ಎಂದಿನಂತೆ ಮಾತ್ರೆ ನುಂಗಿ ಡಬ್ಬಿ ಹಿಡಿದು ಹೊರಟ.

ಮಟಮಟ ಮಧ್ಯಾಹ್ನ. ಬಾಲಪ್ಪ ಎರಡನೇ ಮಾಳಿಗೆಯ ಹೊರಗೋಡೆಗೆ ಕಟ್ಟಿದ ಹಲಗೆಯ ಮೇಲೆ ನಿಂತು ಸಿಮೆಂಟು ಮೆತ್ತುತ್ತಿದ್ದ. ಅಲ್ಲೇ ಕೂಲಿಗೆ ಬರುತ್ತಿದ್ದ ರೇಣುಕವ್ವ ಒಳಗಿನಿಂದ ಕಿಟಕಿಗೆ ಗಾರೆ ತಂದಳು. ಅಷ್ಟರಲ್ಲಿ ಅವನ ಕೈಯ ಕರಣೆ ಜಾರಿ ಕೆಳಗೆ ಬಿತ್ತು. ಅವನು ಅದನ್ನು ನೋಡಲೂ ಇಲ್ಲ.

"ಊರ ಬಸ್ಸು ಬಂತೇನ?" ಎಂದು ನಕ್ಕ.

ಕೆಳಗಿದ್ದ ಮೇಸ್ತ್ರಿ ಉಮಾನಾಥ ತಲೆಯೆತ್ತಿದ. "ಎಂತ ಬಾಲಪ್ಪ, ಹಬ್ಬದ ದಿನವೇ ಕುಡಿದು ಬಂದದ್ದಾ ಮಾರಾಯ? ಇಳಿ ಕೆಳಗೆ!"

ಇಳಿ ಎಂದದ್ದಕ್ಕೆ ಬಾಲಪ್ಪ ಇಳಿಯಲು ಹೊರಟ. ಏಣಿಯ ಕಡೆಗಲ್ಲ, ಹಲಗೆಯಿಂದ ಆಚೆಗೆ, ಬರೀ ಗಾಳಿಗೆ ಕಾಲು ಚಾಚಿದ.

ರೇಣುಕವ್ವ ಗಾರೆ ಬಿಸುಟು ಕಿಟಕಿಯಿಂದ ಅರ್ಧ ಹೊರಬಿದ್ದು ಅವನ ಸೊಂಟ ತಬ್ಬಿದಳು. ಅವಳ ಹೊಟ್ಟೆ ಕಿಟಕಿಯ ಅಂಚಿಗೆ ಒತ್ತಿ ಉಸಿರು ಕಟ್ಟಿತು. ಬಾಲಪ್ಪ ಬಿಡಿಸಿಕೊಳ್ಳಲು ಕೊಸರಾಡಿದ. ಬಿಟ್ಟರೆ ಮುಗಿಯಿತು ಎಂದು ಹಲ್ಲು ಕಚ್ಚಿ ಹಿಡಿದಳು. ಉಮಾನಾಥ ಮೆಟ್ಟಿಲು ಹತ್ತಿ ಓಡಿ ಬಂದು ರಟ್ಟೆ ಹಿಡಿದೆಳೆದ ಮೇಲೆಯೇ ಅವನು ಒಳಗೆ ಬಿದ್ದದ್ದು.

ಮೈಯೆಲ್ಲ ಬೆವರಿನಲ್ಲಿ ತೊಯ್ದಿತ್ತು, ಕೈ ಗಡಗಡ ನಡುಗುತ್ತಿತ್ತು. ಉಮಾನಾಥ ಅವನ ಬಾಯಿ ಮೂಸಿ ನೋಡಿದ.

"ಇದು ಕುಡಿದದ್ದಲ್ಲ. ಶುಗರ್ ಉಂಟಾ ಇವನಿಗೆ?"

"ಐತ್ರೀ."

"ಹಾಗಾದರೆ ಶುಗರ್ ಇಳಿದು ಲೋ ಆಗಿರಬೇಕು. ನನ್ನ ಚಾ ಉಂಟು, ಸಕ್ಕರೆ ಜಾಸ್ತಿ ಹಾಕಿದ್ದು. ಕುಡಿಸುವ."

"ಬ್ಯಾಡ್ರೀ ಅಣ್ಣಾರ! ವಿಷ ಅದು ಅವರಿಗೆ!" ರೇಣುಕವ್ವ ಲೋಟಕ್ಕೆ ಅಡ್ಡ ಕೈ ಹಿಡಿದಳು.

"ಬೆಳಿಗ್ಗೆ ಮಾತ್ರೆ ತೆಗೊಂಡಿದ್ದಾನಾ?"

"ಹೂನ್ರೀ."

"ತಿಂದದ್ದು ಎಂತ? ಹೇಳು ಮಾರಾಯ್ತಿ, ಬೇಗ!"

ಬಾಲಪ್ಪನ ಕಣ್ಣು ಮೇಲಕ್ಕೆ ತೇಲುತ್ತಿತ್ತು. ಬೆವರು, ನಡುಕ. ಆ ನರ್ಸ್ ಹೇಳಿದ್ದೆಲ್ಲ ಒಂದೊಂದಾಗಿ ಕಣ್ಣ ಮುಂದೆಯೇ ನಡೆಯುತ್ತಿತ್ತು. ಅತ್ತ ಅಪ್ಪನ ಕೊಳೆತ ಕಾಲು, ಇತ್ತ ಈ ಲೋಟ. ಕೊಟ್ಟರೆ ಸಾಯುತ್ತಾನೋ, ಕೊಡದಿದ್ದರೆ ಸಾಯುತ್ತಾನೋ? ಸತ್ತರೂ ಉಳಿದರೂ ನನ್ನ ಕೈಯಿಂದಲೇ ಆಗಲಿ ಎಂದು ಲೋಟ ಕಸಿದುಕೊಂಡಳು. "ನುಂಗ್ರಿ, ಶಿವಾ, ನುಂಗ್ರಿ" ಎನ್ನುತ್ತ ಗುಟುಕು ಗುಟುಕಾಗಿ ಕುಡಿಸಿದಳು. ಉಮಾನಾಥ ಆಸ್ಪತ್ರೆಗೆ ಒಯ್ಯಲು ರಿಕ್ಷಾ ಕರೆಯುತ್ತ ಕೆಳಗೆ ಓಡಿದ.

ಲೋಟ ಬರಿದಾಯಿತು. ಏನೂ ಆಗಲಿಲ್ಲ. ಕೊಂದೇ ಬಿಟ್ಟೆನೇ ಎಂದು ಅವಳು ಅವನ ಎದೆಗೆ ಕಿವಿಯಿಟ್ಟು ಕುಳಿತಳು. ಬಹಳ ಹೊತ್ತಿನ ಮೇಲೆ ಆ ಕೈಯ ನಡುಕ ಇಳಿಯತೊಡಗಿತು. ಬಾಲಪ್ಪ ಕಣ್ಣು ಹೊರಳಿಸಿ ಅವಳ ಗುರುತು ಹಿಡಿದ.

"ಯಾಕ ಅಳಾಕತ್ತಿ?"

"ಡಬ್ಬ್ಯಾಗಿನ ಗೆಣಸು..." ಎನ್ನುತ್ತ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವನು ಮೆಟ್ಟಿಲ ಕಡೆ ನೋಡಿ, ಯಾರಿಗೂ ಕೇಳಿಸದ ಹಾಗೆ ದನಿ ತಗ್ಗಿಸಿದ. "ಡಬ್ಬಿ ತೆಗೆದ ಕೂಡಲೆ ಗೊತ್ತಾತು. ಉಪಾಸ ತಡೀಲಾರದ ತಿಂದಾಳ, ತಿನ್ನಲಿ, ಮೈಮುರಿದು ದುಡಿಯೂ ಜೀವ ಅಂತ ಸುಮ್ಮನಾದೆ. ಅದಕ್ಕ್ಯಾಕ ಅಳ್ತಿ, ಹುಚ್ಚಿ? ಹೊಟ್ಟಿ ತುಂಬಿತಿಲ್ಲೋ?"

ಕೆಳಗೆ ರಿಕ್ಷಾ ಬಂದು ನಿಂತ ಸದ್ದಾಯಿತು. ರೇಣುಕವ್ವ ಅವನ ತೋಳನ್ನು ತನ್ನ ಹೆಗಲಿಗೇರಿಸಿಕೊಂಡಳು.

"ತುಂಬಿತ್ರೀ" ಎಂದಳು.