ಅಮ್ಮನ ಚಾರ್ಟು

ಅನ್ನ ಬಿಟ್ಟು ಹದಿನಾಲ್ಕನೆಯ ವಾರ ನಡೆದಿತ್ತು. ಭಾನುವಾರ ಮಿಯಾಪುರದ ಫಂಕ್ಷನ್ ಹಾಲಿನಲ್ಲಿ ದೇಹದಾರ್ಢ್ಯ ಸ್ಪರ್ಧೆ. ಅರವತ್ತೈದು ಕಿಲೋದೊಳಗೆ ಇದ್ದರೆ ಮಾತ್ರ ನನ್ನ ವಿಭಾಗ. ಒಂದು ತೊಲ ಹೆಚ್ಚಾದರೂ ಎಪ್ಪತ್ತರವರ ಸಾಲಿಗೆ ತಳ್ಳುತ್ತಾರೆ, ಅಲ್ಲಿ ನಾನು ಹೋರಿಗಳ ನಡುವಿನ ಕರು. ನನಗೆ ಇಪ್ಪತ್ತೇಳು ವರ್ಷ. ಎಂ.ಎ. ಮುಗಿಸಿ ಮೂರು ಸರ್ಕಾರಿ ಪರೀಕ್ಷೆ ಬರೆದು ಮೂರರಲ್ಲೂ ಪಟ್ಟಿಯ ಹೊರಗೇ ಉಳಿದವನು. ಒಂದೇ ಒಂದು ಸಲ, ಯಾವುದಾದರೂ ಒಂದು ಪಟ್ಟಿಯ ಮೊದಲ ಮೂರರಲ್ಲಿ ನಚಿಕೇತ ಎಂಬ ಹೆಸರನ್ನು ನೋಡಬೇಕಿತ್ತು. ಅಷ್ಟೇ.

ಆದರೆ ನಮ್ಮದು ಚಾತುರ್ಮಾಸ್ಯದ ವ್ರತ ಹಿಡಿಯುವ ಮನೆ. ಮೊದಲ ತಿಂಗಳು ತರಕಾರಿ ಇಲ್ಲ. ಎರಡನೆಯದರಲ್ಲಿ ಮೊಸರಿಲ್ಲ. ಮೂರನೆಯದರಲ್ಲಿ ಹಾಲಿಲ್ಲ. ನಾಲ್ಕನೆಯದರಲ್ಲಿ, ಅಂದರೆ ಈಗ, ದ್ವಿದಳ ಬೇಳೆಕಾಳಿಲ್ಲ, ಬಹುಬೀಜದ ಕಾಯಿಯೂ ಇಲ್ಲ. ಮೊಟ್ಟೆಯ ಮಾತೇ ಇಲ್ಲ. ಹಿರಿಯರು ಯಾವ ಕಾಲದಲ್ಲೋ ಕೂತು, ಪ್ರೋಟೀನ್ ಬೇಕೆನ್ನುವ ಒಬ್ಬ ಹುಡುಗ ಮೆಹದಿಪಟ್ಟಣಂನಲ್ಲಿ ಹುಟ್ಟುತ್ತಾನೆ ಎಂದು ತಿಳಿದೇ ಈ ನಿಯಮ ಬರೆದಿರಬೇಕು.

ಜಿಮ್ಮಿನ ತರಬೇತುದಾರ ಇಲಿಯಾಸ್ ಭಾಯ್‌ಗೆ ಇದನ್ನೆಲ್ಲ ವಿವರಿಸಿದ ದಿನ ಅವನು ಡಂಬೆಲ್ ಕೆಳಗಿಟ್ಟು ನನ್ನನ್ನೇ ನೋಡಿದ್ದ. "ಮುರ್ಗಾ ನಕ್ಕೋ, ದಾಲ್ ನಕ್ಕೋ, ದೂಧ್ ನಕ್ಕೋ. ಹವಾ ಖಾತೇ ಕ್ಯಾ ರೇ, ಪಂಡಿತ್?" ಕೋಳಿ ಬೇಡ, ಬೇಳೆ ಬೇಡ, ಹಾಲೂ ಬೇಡ ಅಂದರೆ ಗಾಳಿ ತಿನ್ನುತ್ತೀಯಾ ಎಂದು.

ಜಿಮ್ಮಿನಲ್ಲೇ ಮೊಟ್ಟೆಯ ಬಿಳಿಭಾಗ ತಿನ್ನಲು ಕಲಿತೆ. ಮನೆಯ ಬಾಲ್ಕನಿಯಲ್ಲಿ ಒಂದು ಇಂಡಕ್ಷನ್ ಒಲೆ ಇಟ್ಟುಕೊಂಡೆ. ಹಾಲು ಬಿಡುವ ತಿಂಗಳಲ್ಲಿ ನನ್ನ ವ್ಹೇ ಪುಡಿಯ ಡಬ್ಬಿಯೂ ಅಡುಗೆಮನೆಯಿಂದ ಅಲ್ಲಿಗೇ ಬಂತು.

"ಇದರಾಗ ಏನದ?" ಎಂದು ಅಮ್ಮ ಡಬ್ಬಿಯನ್ನು ಸೆರಗಿನಿಂದ ಹಿಡಿದು ಕೇಳಿದ್ದಳು.

"ಹಾಲೊಡೆದ ನೀರಿನ ಪುಡಿ."

"ಅಂದ್ರ ಹಾಲು."

"ಒಡದ ಮ್ಯಾಲ ಹಾಲೆಲ್ಲಿ ಉಳೀತು ಅಮ್ಮ?"

"ಒಡದದ್ದು ಹಾಲೇ ಹೌದಲ್ಲೋ," ಎಂದು ಅದನ್ನು ಚಪ್ಪಲಿಗಳ ಪಕ್ಕ ಇಟ್ಟು ಕೈ ತೊಳೆದುಕೊಂಡಳು. ಮುಂದೆ ಆ ಬಗ್ಗೆ ಮಾತಾಡಲಿಲ್ಲ. ಅವಳ ಮಾತಿಗೆ ಉತ್ತರ ಕೊಡಬಹುದು. ಅವಳು ಸುಮ್ಮನಾದರೆ ನಮ್ಮ ಮನೆಯಲ್ಲಿ ಯಾರ ಬಳಿಯೂ ಉತ್ತರವಿರುವುದಿಲ್ಲ.

ದಸರೆಯ ದಿನ ಅಮ್ಮ ಹೋಳಿಗೆ ಬಡಿಸಲು ಬಂದಾಗ ನಾನು ಎಲೆಯ ಮೇಲೆ ಎರಡೂ ಕೈ ಅಡ್ಡ ಇಟ್ಟಿದ್ದೆ. ಆ ಹೋಳಿಗೆ ಅಪ್ಪನ ಎಲೆಗೆ ಬಿತ್ತು. ರಕ್ಷಣಾ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅಪ್ಪನಿಗೆ ಊಟ ಮತ್ತು ಪಂಚಾಂಗ ಬಿಟ್ಟರೆ ಬೇರೆ ಇಲಾಖೆ ಇಲ್ಲ. "ನೀ ಹಿಂಗ ಬಿಡಕೋತ ಹೋಗು," ಎಂದರು, "ನಂದೂ ಒಂದು ಸ್ಪರ್ಧಾ ನಡದದ."

ಅದಾಗಿ ಮೂರು ವಾರಕ್ಕೆ ಅಮ್ಮ ನನ್ನ ಕೈಗೆ ನಾಲ್ಕು ಕುಪ್ಪಸಗಳಿದ್ದ ಚೀಲ ಕೊಟ್ಟು, ಸುಲ್ತಾನ್ ಬಜಾರಿನ ದರ್ಜಿಗೆ ಒಳಹೊಲಿಗೆ ಹಾಕಿ ಬಿಗಿ ಮಾಡಲು ಹೇಳು ಎಂದಳು. ಕೊಟ್ಟು ಬಂದೆ. ದಾರಿಯುದ್ದಕ್ಕೂ ನನ್ನ ಸೊಂಟದ ಸುತ್ತಳತೆಯನ್ನೇ ಯೋಚಿಸುತ್ತಿದ್ದೆ.

ಗುರುವಾರ ಬೆಳಿಗ್ಗೆ ಜಿಮ್ಮಿನಿಂದ ಬಂದು ತೂಕದ ಯಂತ್ರದ ಮೇಲೆ ನಿಂತೆ. ಅರವತ್ತೈದು ಕಿಲೋ ಮುನ್ನೂರು ಗ್ರಾಂ. ಈ ಯಂತ್ರ ಪ್ರತಿ ತೂಕವನ್ನೂ ಫೋನಿಗೆ ಕಳಿಸುತ್ತದೆ. ಅವತ್ತು ಯಾಕೋ ಬೆರಳು ತಾಗಿ 'ಅತಿಥಿ' ಎಂಬ ಪುಟ ತೆರೆಯಿತು. ಐವತ್ತನಾಲ್ಕು ಆರುನೂರು. ಐವತ್ತಮೂರು ಮುನ್ನೂರು. ಐವತ್ತೊಂದು ಒಂಬೈನೂರು. ಐವತ್ತು ಒಂದುನೂರು. ದಸರೆಯ ಮರುದಿನದಿಂದ ಪ್ರತಿ ಗುರುವಾರ, ನಾನು ಜಿಮ್ಮಿಗೆ ಹೋದ ಮೇಲೆ.

ನಮ್ಮ ಮನೆಗೆ ಅತಿಥಿಗಳು ಬಂದಿರಲಿಲ್ಲ.

ಅಮ್ಮ ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದಳು. ಅವಳ ಬಳೆಗಳು ಮೊಣಕೈವರೆಗೆ ಜಾರಿದ್ದನ್ನು ಆಗ ನೋಡಿದೆ. ಎಲ್ಲರಿಗೂ ಬಡಿಸಿ ಕೊನೆಗೆ ಒಳಗೆ ಕೂತು ಉಣ್ಣುವವಳು ಅವಳು. ಅವಳ ತಟ್ಟೆಯಲ್ಲಿ ಏನಿರುತ್ತದೆ ಎಂದು ಈ ಮನೆಯಲ್ಲಿ ಯಾರೂ ಎಂದೂ ನೋಡಿದವರಲ್ಲ.

"ಏನು ಉಣ್ತಿ ನೀ?"

ಅವಳು ಪಂಚಾಂಗ ತೆಗೆದು ಕೊನೆಯ ಪುಟವನ್ನು ನನ್ನ ಮುಂದೆ ಹಿಡಿದಳು. ಅದರಲ್ಲಿ ನನ್ನ ಕೋಣೆಯ ಗೋಡೆಗೆ ಅಂಟಿಸಿದ್ದ ಊಟದ ಚಾರ್ಟು, ಅವಳ ದುಂಡು ಅಕ್ಷರದ ಕನ್ನಡದಲ್ಲಿ. ಅನ್ನ ಇಲ್ಲ, ಭಕ್ಕರಿ ಇಲ್ಲ, ಸಕ್ಕರೆ ಇಲ್ಲ. ಸೋಯಾ: ದ್ವಿದಳ ಎಂದು ಅಡ್ಡಗೆರೆ. ಮೊಳಕೆಕಾಳು: ಅಡ್ಡಗೆರೆ. ಬಾದಾಮಿ: ಅಡ್ಡಗೆರೆ. ಸೌತೆಕಾಯಿ: ಬಹುಬೀಜ, ಅದಕ್ಕೂ ಗೆರೆ. ಮೊಟ್ಟೆ ಎಂದು ಬರೆಯಲು ಅಂಜಿ ನಾನು ಇಂಗ್ಲಿಷಿನ ಎರಡೇ ಅಕ್ಷರ ಹಾಕಿದ್ದ ಜಾಗದಲ್ಲಿ ಅವಳು ಏನೂ ಬರೆದಿರಲಿಲ್ಲ. ಒಂದು ಸಣ್ಣ ಗೆರೆ ಎಳೆದು ಬಿಟ್ಟಿದ್ದಳು. ಅಂದರೆ ಅವಳಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು.

ಉಳಿದದ್ದು ಮೊಸರು, ಒಂದು ಬಟ್ಟಲು. ಒಣಕೊಬ್ಬರಿ, ನಾಲ್ಕು ಹೋಳು. ಅಷ್ಟೇ.

"ನನ್ನ ನಿಲ್ಲಸ್ಲಿಕ್ಕೆ ಉಪವಾಸ ಕೂತೀಯೇನು?" ಧ್ವನಿ ಏರಿತ್ತು. ನನ್ನದು ಎಂದು ಇದ್ದದ್ದು ಈ ಹಸಿವೊಂದೇ. ಅದರಲ್ಲೂ ಇವಳು ಪಾಲು ಕೇಳುತ್ತಿದ್ದಾಳೆ ಅನಿಸಿತು.

"ನಿಲ್ಲಸ್ಲಿಕ್ಕಲ್ಲೋ ಹುಚ್ಚಾ. ನಿನಗ ಬಹುಮಾನ ಬರ್ಲಿ ಅಂತ ಹನುಮಪ್ಪಗ ಬೇಡಿಕೊಂಡೀನಿ. ನೀ ಹಿಡಿದ ವ್ರತಾನೇ ನಾನೂ ಹಿಡಿದೆ. ಬಹುಮಾನ ಬಂದ ದಿನ ಅನ್ನ ಉಣ್ತೀನಿ."

"ಇದು ವ್ರತ ಅಲ್ಲ ಅಮ್ಮ. ಡಯಟ್."

"ಹದಿನಾಲ್ಕು ವಾರ ಅನ್ನ ಮುಟ್ಟಿಲ್ಲ. ಹಬ್ಬದಾಗ ಹೋಳಿಗಿ ಬಿಟ್ಟಿ. ನಸುಕಿನಾಗ ಏಳ್ತಿ. ಯಾರ ಜೋಡಿನೂ ಮಾತಾಡಂಗಿಲ್ಲ," ಎಂದು ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿದಳು. "ಮತ್ತ ವ್ರತ ಅಂದ್ರ ಏನಪಾ?"

ನಾನು ಪಂಚಾಂಗ ಮುಚ್ಚಿ ಅವಳ ಪಕ್ಕಕ್ಕಿಟ್ಟೆ.

ಭಾನುವಾರ ತೂಕಕ್ಕೆ ನಿಂತಾಗ ಅರವತ್ತನಾಲ್ಕು ಎಂಟುನೂರು. ಇಲಿಯಾಸ್ ಭಾಯ್ ಬೆನ್ನಿಗೆ ಕಂದು ಬಣ್ಣ ಬಳಿಯುತ್ತ, "ಪಂಡಿತ್, ನಗು ಸ್ವಲ್ಪ," ಎಂದು ಹಿಂದಿಯಲ್ಲಿ ಗೊಣಗಿದ. ವೇದಿಕೆಯ ಮೇಲೆ ಏಳು ಜನ. ದೀಪಗಳ ಕೆಳಗೆ ಹೊಟ್ಟೆ ಬಿಗಿಹಿಡಿದು ನಿಂತಾಗ ಕಣ್ಣ ಮುಂದೆ ತೀರ್ಪುಗಾರರು ಇರಲಿಲ್ಲ, ಒಂದು ಬಟ್ಟಲು ಮೊಸರಿತ್ತು. ಇಷ್ಟು ದಿನ ನನಗಾಗಿ ಗೆಲ್ಲಬೇಕಿತ್ತು. ಈಗ ಅವಳ ಒಂದು ತುತ್ತು ಅನ್ನಕ್ಕಾಗಿ ಗೆಲ್ಲಬೇಕಿತ್ತು. ಆ ಭಾರವನ್ನು ಯಾವ ಜಿಮ್ಮಿನಲ್ಲೂ ಎತ್ತಿ ಅಭ್ಯಾಸವಿರಲಿಲ್ಲ.

ಮೂರು ಹೆಸರು ಕರೆದರು. ನಾನು ನಾಲ್ಕನೆಯವನು.

"ಕಾಲು," ಎಂದ ಇಲಿಯಾಸ್ ಭಾಯ್. "ಕಾಲಿನ ಸ್ನಾಯು ಹಿಂದೆ ಬಿದ್ದವು. ಮಾರ್ಚ್‌ನಲ್ಲಿ ಇನ್ನೊಂದಿದೆ." ಇಲ್ಲ ಎಂದು ತಲೆಯಾಡಿಸಿದೆ. ಮೆಟ್ರೋದಲ್ಲಿ ಕೂತು, ಕತ್ತಿನ ಕಂದು ಬಣ್ಣ ಅಂಗಿಗೆ ಹತ್ತುತ್ತಿರುವಾಗ, ಇನ್ನು ಸಾಕು, ಮುಗಿಯಿತು ಎಂದುಕೊಂಡೆ. ಮನೆಗೆ ಹೋಗಿ ಅನ್ನ ಉಣ್ಣುತ್ತೇನೆ. ನಾನು ಉಂಡರೆ ಅವಳೂ ಉಣ್ಣುತ್ತಾಳೆ.

ಮನೆಯಲ್ಲಿ ಮೂರು ತಟ್ಟೆ ಹಾಕಿತ್ತು. ಅಪ್ಪ ಬಾಗಿಲಲ್ಲೇ ಕೇಳಿದರು, "ಬಂತೇನು?"

"ನಾಲ್ಕನೇದು."

"ನಾಲ್ಕನೇದಕ್ಕ ಏನು ಕೊಡ್ತಾರ?"

"ಒಂದು ಸರ್ಟಿಫಿಕೇಟು."

ಅಪ್ಪ ಅದನ್ನು ಕಸಿದುಕೊಂಡು ಅಮ್ಮನ ಮುಂದೆ ವಕೀಲರಂತೆ ಹಿಡಿದರು. "ನೋಡು ಗುಣವತಿ, ಶಿಕ್ಕಾ ಅದ, ಸಹಿ ಅದ. ಇದೂ ಬಹುಮಾನನ. ಉಣ್ಣು ಇನ್ನ."

"ಬಹುಮಾನ ಅಂತ ಬರದಾರೇನ್ರಿ?"

ಅಪ್ಪ ಕನ್ನಡಕ ಸರಿಮಾಡಿಕೊಂಡರು. "ಭಾಗವಹಿಸಿದ್ದಕ್ಕ ಅಂತ ಅದ. ಸಣ್ಣ ಅಕ್ಷರದಾಗ. ಯಾರು ನೋಡ್ತಾರ?"

"ಹನುಮಪ್ಪಗ ಓದ್ಲಿಕ್ಕೆ ಬರ್ತದ್ರಿ," ಎಂದಳು ಅಮ್ಮ.

ನನ್ನ ತಟ್ಟೆಗೆ ಬಿಸಿ ಅನ್ನ ಬಿತ್ತು, ಅದರ ಮೇಲೆ ಕಾಳುಮೆಣಸಿನ ಸಾರು, ತುಪ್ಪ. ಅವಳು ಇವತ್ತು ಒಳಗೆ ಹೋಗದೆ ನಮ್ಮೊಡನೆಯೇ ಕೂತಳು. ಅವಳ ತಟ್ಟೆಯಲ್ಲಿ ಮೊಸರಿನ ಬಟ್ಟಲು, ಕೊಬ್ಬರಿಯ ನಾಲ್ಕು ಹೋಳು.

"ನಾ ಬಿಟ್ಟೆ ಅಮ್ಮ. ಇನ್ನ ಸ್ಪರ್ಧಾ ಇಲ್ಲ, ಏನಿಲ್ಲ. ಬಹುಮಾನ ಬರೋದೂ ಇಲ್ಲ. ನೀ ಉಣ್ಣು."

"ನೀ ಬಿಟ್ರ ಬಿಡಪಾ. ನಿನ್ನಿಷ್ಟ," ಎಂದಳು. ಕೋಪವಿರಲಿಲ್ಲ. "ನಾ ಬೇಡಿಕೊಂಡದ್ದು ನನಗೂ ಹನುಮಪ್ಪಗೂ ಸಂಬಂಧ."

ಅಪ್ಪ ಸೊರ್ ಎಂದು ಸಾರು ಹೀರಿದರು. ನಾನು ಒಂದು ತುತ್ತು ಬಾಯಿಗಿಟ್ಟೆ. ಹದಿನಾಲ್ಕು ವಾರದ ಮೇಲಿನ ಅನ್ನ, ಎಷ್ಟು ರುಚಿಯಾಗಿತ್ತೆಂದರೆ ಸಿಟ್ಟು ಬಂತು. ಎರಡನೆಯ ತುತ್ತನ್ನು ತಟ್ಟೆಗೇ ಬಿಟ್ಟೆ. ಕೈ ತೊಳೆದು ಬಂದು ಫೋನ್ ತೆಗೆದು ಇಲಿಯಾಸ್ ಭಾಯ್‌ಗೆ ಒಂದೇ ಪದ ಕಳಿಸಿದೆ: ಮಾರ್ಚ್.

ಪಂಚಾಂಗ ಮತ್ತು ಪೆನ್ನು ತೆಗೆದುಕೊಂಡು ಅವಳೆದುರು ಕೂತೆ. ದ್ವಾದಶಿಗೆ ಚಾತುರ್ಮಾಸ್ಯ ಮುಗಿದು ಬೇಳೆ ಒಲೆಗೆ ಬರುತ್ತದೆ. ಮೊಟ್ಟೆಯ ಜಾಗದಲ್ಲಿ ಅವಳು ಎಳೆದು ಬಿಟ್ಟ ಆ ಸಣ್ಣ ಗೆರೆಯ ಮೇಲೆ ಬರೆದೆ: 'ದ್ವಾದಶಿಯಿಂದ ಹೆಸರುಬೇಳೆ, ಎರಡು ಬಟ್ಟಲು, ದಿನಾ.'

"ವ್ರತ ಹಿಡಿಯೋದಿದ್ರ ಸರಿಯಾಗಿ ಹಿಡಿ," ಎಂದೆ. "ಚಾರ್ಟು ನಾ ಹೇಳಿದಂಗ."

ಅವಳು ಪುಟವನ್ನು ದೂರ ಹಿಡಿದು ಓದಿದಳು. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಎರಡನ್ನು ಹೊಡೆದುಹಾಕಿ ಒಂದು ಎಂದು ಮಾಡಿದಳು.